ಮಾಡೆಲ್ ಎ ವಾಬ್ಲಿಂಗ್: ಕೊನೆಗೂ ಕಳ್ಳ ಸಿಕ್ಕಿಬಿದ್ದ

ನಿನ್ನೆ ಬೆಳಗ್ಗೆ ನಂಜನಗೂಡು ರೋಡಲ್ಲಿ 65ರ ತನಕ ಓಡಿಸ್ದೆ, ಸ್ಟೇರಿಂಗ್ ಒಂಚೂರೂ ಅದುರ್ಲಿಲ್ಲ! ಎಂಟು ತಿಂಗಳಿಂದ ನಮ್ಮ 1930ರ ಫೋರ್ಡ್ ಮಾಡೆಲ್ ಎ 55 ಮುಟ್ತಿದ್ದ ಹಾಗೇ ಮುಂದಿನ ಚಕ್ರ ಎರಡೂ ಎಡಕ್ಕೂ ಬಲಕ್ಕೂ ಹೊಡ್ಕೊಳ್ಳೋವು, ಸ್ಟೇರಿಂಗ್ ಕೈಯಿಂದ ಕಿತ್ಕೊಂಡು ಹೋಗೋ ಥರ, 30ಕ್ಕೆ ಇಳಿಸೋ ತನಕ ಬಿಡ್ತಿರ್ಲಿಲ್ಲ.

ಕಿಂಗ್‌ಪಿನ್ (ಮುಂದಿನ ಚಕ್ರ ಪಕ್ಕಕ್ಕೆ ತಿರುಗೋ ಗೂಟ) ಬುಷ್, ಟೈ ರಾಡ್ (ಎರಡೂ ಮುಂದಿನ ಚಕ್ರ ಜೋಡಿಸೋ ಸರಳು), ಟೋ-ಇನ್ (ಚಕ್ರಗಳ ಮುಂಭಾಗ ಒಂಚೂರು ಒಳಕ್ಕಿರೋ ಅಳತೆ) ಎಲ್ಲಾ ಮುಗಿಸಿದ್ದೆ, ಅದನ್ನ ಬರೆಯಲ್ಲ. ಸ್ಟೇರಿಂಗ್ ಜೋಡಣೆ ಬಿಗಿ ಆದಷ್ಟೂ ಅದುರೋ ಸ್ಪೀಡ್ ಸ್ವಲ್ಪ ಮೇಲಕ್ಕೆ ಹೋಯ್ತೇ ಹೊರತು ಕಾಯಿಲೆ ಹೋಗ್ಲಿಲ್ಲ, ಆಗ್ಲೇ ಅನುಮಾನ ಚಕ್ರದ ಮೇಲೆ ಬಂದಿದ್ದು.

ಈ ಕಾರುಗಳಲ್ಲಿ ಎರಡೂ ಚಕ್ರ ಒಂದೇ ಆಕ್ಸಲ್‌ಗೆ ಕೂತಿರತ್ತಲ್ಲ, ಒಂದು ಎಗರಿದ್ರೆ ಆಕ್ಸಲ್ಲೇ ವಾಲತ್ತೆ, ಜೋರಾಗಿ ತಿರುಗ್ತಿರೋ ಚಕ್ರ ವಾಲಿದ್ರೆ ಬುಗುರಿ ಥರ ಪಕ್ಕಕ್ಕೆ ಹೊರಳತ್ತೆ, ಟೈ ರಾಡ್ ಅದನ್ನ ಆ ಕಡೆ ಚಕ್ರಕ್ಕೂ ದಾಟಿಸತ್ತೆ. ರಿಮ್ ಹತ್ರ 100 ಗ್ರಾಂ ಜಾಸ್ತಿ ಇದ್ರೆ 60ರಲ್ಲಿ ಸುಮಾರು 5 ಕೆಜಿ ಎಳೆತ, ಅದೂ ಸೆಕೆಂಡಿಗೆ ಏಳು ಸಲ! 1920ರ ದಶಕದಲ್ಲಿ ಮೆತ್ತನೆ ಬಲೂನ್ ಟೈರ್ ಬಂದ ಮೇಲೆ ಈ ಕಾಟ ಇನ್ನೂ ಹೆಚ್ಚಾಯ್ತು, 1934ರಲ್ಲಿ ಜನರಲ್ ಮೋಟಾರ್ಸ್‌ನವರು ಮುಂದಿನ ಚಕ್ರಗಳನ್ನ ಒಂದೇ ಆಕ್ಸಲ್ ಬಿಟ್ಟು ಬೇರೆ ಬೇರೆಯಾಗಿ ಕೂರಿಸಿದ್ದಕ್ಕೆ ಇದೂ ಒಂದು ಕಾರಣ.

ಟೈರ್ ಅಂಗಡಿಯ ಬ್ಯಾಲೆನ್ಸಿಂಗ್ ಮಿಷಿನ್ನಿಗೆ (ಚಕ್ರದ ಭಾರ ಎಲ್ಲಾ ಕಡೆ ಸಮ ಮಾಡೋದು) ಈ ಚಕ್ರ ಕೂರಲಿಲ್ಲ. ಸರಿ ಅಂತ ಕಾರಲ್ಲೇ ಮಾಡ್ದೆ: ಜಾಕ್ ಹಾಕಿ, ಬ್ರೇಕ್ ಶೂ ಸಡಿಲ ಮಾಡಿ, ಗ್ರೀಸ್ ತಡೆಯೋ ಫೆಲ್ಟ್ ಸೀಲ್ ತೆಗ್ದು, ಬೇರಿಂಗ್ ಗ್ರೀಸ್ ಒರೆಸಿ ಹೊಲಿಗೆ ಮಿಷಿನ್ ಎಣ್ಣೆ ಬಿಟ್ಟೆ. ಚಕ್ರ ತೂಗಿ ತೂಗಿ ನಿಂತಾಗ ಭಾರದ ಜಾಗ ಕೆಳಗೆ ಬರತ್ತೆ, ಅಲ್ಲಿ ಸೀಮೆಸುಣ್ಣದ ಗೆರೆ. ಆದ್ರೆ ಬೇರಿಂಗ್ ಸ್ವಲ್ಪ ಹಿಡಿಯೋದ್ರಿಂದ ಪೂರ್ತಿ ಕೆಳಗೆ ಬರೋಕೆ ಮುಂಚೇನೇ ನಿಂತುಬಿಡತ್ತೆ, ಅದಕ್ಕೇ ಬಲಕ್ಕೊಂದು ಸಲ ಎಡಕ್ಕೊಂದು ಸಲ ಬಿಟ್ಟು ಎರಡು ಗೆರೆಗಳ ನಡುಮಧ್ಯ ಹಿಡೀಬೇಕು, ನಾನು ಎರಡು ಭಾನುವಾರ ಕಳೆದಿದ್ದು ಇಷ್ಟು ಕಲಿಯೋಕೆ.

ಬಲಗಡೆ ಚಕ್ರದಲ್ಲಿ ಪ್ರತಿ ಸಲಾನೂ ಗೆರೆ ವಾಲ್ವ್ ಪಕ್ಕಕ್ಕೇ ಬೀಳ್ತಿತ್ತು. ಸರಿದೂಗಿಸೋಕೆ ಎದುರು ಕಡೆ 170 ಗ್ರಾಂ ಸೀಸ ಬೇಕಾಯ್ತು! ಬಿಚ್ಚಿ ನೋಡಿದ್ರೆ ಟ್ಯೂಬಿನ ವಾಲ್ವ್ ಬುಡದಲ್ಲಿ ದಪ್ಪ ರಬ್ಬರ್ ಗಟ್ಟಿ, ಟೈರಿನ ಭಾರದ ಜಾಗವೂ ಸರಿಯಾಗಿ ಅದರ ಮೇಲೇನೇ ಕೂತಿತ್ತು. ಟೈರನ್ನ ರಿಮ್ ಮೇಲೆ ಅರ್ಧ ಸುತ್ತು ತಿರುಗಿಸಿ ಹಾಕ್ದೆ, ಬೇಕಾದ ಸೀಸ 40 ಗ್ರಾಂಗೆ ಇಳೀತು, ಎದೆ ಹಗುರ ಆಯ್ತು ನೋಡಿ. ಸೀಸದ ತಂತಿ ರಿಮ್ ಹತ್ರ ಕಡ್ಡಿಗೆ ಸುತ್ತಿದೀನಿ. ಎಡಗಡೆದಕ್ಕೆ 30 ಸಾಕಾಯ್ತು.

ಆ ಟ್ಯೂಬ್ ಕೊಟ್ಟ ಸಪ್ಲೈಯರ್ ಮೇಲೆ ಮಾತ್ರ ಸಿಟ್ಟು ಇಳಿದಿಲ್ಲ. ಪೂರ್ತಿ ದುಡ್ಡು ಮುಂಗಡ ಇಸ್ಕೊಂಡು ನಾಲ್ಕು ತಿಂಗಳು ಕಾಯಿಸಿ, ಕೇಳಿದ್ರೆ "19 ಇಂಚಿಗೆ ಇದೇ ಸಾರ್ ಬರೋದು" ಅಂದ.

ಅಂದ ಹಾಗೆ, ಗುಜರಿಲಿ ಸಿಕ್ಕ ಹಳೇ ಹಬ್ಬಿಂದ ಒಂದು ಬ್ಯಾಲೆನ್ಸಿಂಗ್ ಸ್ಟ್ಯಾಂಡ್ ವೆಲ್ಡ್ ಮಾಡ್ತಿದೀನಿ, ಯಾಕಂದ್ರೆ ಮುಂದಿನ ಸರದಿ ಇನ್ನೊಂದು ಹಳೇ ಕಾರು ಆಸ್ಟಿನ್ ಸೆವೆನ್‌ದು. ಅದರದ್ದು ತಂತಿ ಕಡ್ಡಿ ಚಕ್ರ, ಮೊದಲು ಸೈಕಲ್ ಚಕ್ರದ ಥರ ಡೊಂಕು ತೆಗೀಬೇಕು, ಆಮೇಲೆ ಸೀಸ. ಕಡ್ಡಿ ಬಿಗಿ ಮಾಡೋ ಸರಿಯಾದ ಅಳತೆ ಸ್ಪ್ಯಾನರ್ ಯಾರ ಹತ್ರ ಆದ್ರೂ ಇದ್ರೆ ಹೇಳಿ.