ಆರು ಸೆಕೆಂಡು ಉಳಿಸಲು ಹೋಗಿ

ಸಾಕ್ಷ್ಯಚಿತ್ರಗಳಿಗೆ ಕನ್ನಡ ನಿರೂಪಣೆ ಬರೆಯುವುದು ನನ್ನ ಕೆಲಸ. ಇಂಗ್ಲಿಷ್ ದನಿ ಎಷ್ಟು ಹೊತ್ತು ಇರುತ್ತದೋ ಅಷ್ಟರೊಳಗೆ ಕನ್ನಡವೂ ಮುಗಿಯಬೇಕು. ನಮ್ಮ ವಾಕ್ಯ ಯಾವಾಗಲೂ ಒಂದು ಗೇಣು ಉದ್ದ. ಹಾಗಾಗಿ ಬರೆಯುವುದು ಅರ್ಧ ದಿನ, ಕತ್ತರಿಸುವುದು ಎರಡು ದಿನ. ಇಂದಿನ ಗಾಜಾದ ಸುತ್ತಿನ ಕರಾವಳಿಯಲ್ಲಿ ಒಮ್ಮೆ ಬಾಳಿದ ಫಿಲಿಷ್ಟಿಯರೆಂಬ ಪ್ರಾಚೀನ ಜನರ ಮೇಲಿನ ಒಂದು ಕಂತಿನಲ್ಲಿ ನನ್ನ ಕತ್ತರಿ ಬೀಳಬಾರದ ಜಾಗದಲ್ಲಿ ಬಿತ್ತು.

ಮೊದಲು ಕಾಡಿದ್ದು ಹೆಸರು. ಮೂಲದ ಉಚ್ಚಾರಣೆಯಂತೆ 'ಫಿಲಿಸ್ಟೀನ್' ಎಂದು ಬರೆದರೆ ಕೇಳುವವರ ಕಿವಿಗೆ ಅದು ಪ್ಯಾಲೆಸ್ಟೀನ್. ಹೆಸರಿನ ನಂಟು ಸುಳ್ಳಲ್ಲ. ಕ್ರಿ.ಪೂ. 5ನೇ ಶತಮಾನದ ಹೆರೊಡೋಟಸ್ ಆ ಸೀಮೆಯನ್ನು ಪಲೈಸ್ತೀನೆ ಎಂದ, ಕ್ರಿ.ಶ. 135ರ ಸುಮಾರಿಗೆ ರೋಮನ್ನರು ಯೂದಾಯ ಪ್ರಾಂತ್ಯಕ್ಕೆ ಸಿರಿಯಾ ಪಲೈಸ್ತೀನ ಎಂದೇ ಹೆಸರಿಟ್ಟರು. ಆದರೆ ಆ ಹೊತ್ತಿಗೆ ಫಿಲಿಷ್ಟಿಯರು ಬೇರೆ ಜನರಲ್ಲಿ ಕರಗಿಹೋಗಿ ಎಷ್ಟೋ ಶತಮಾನಗಳಾಗಿದ್ದವು. ಇದನ್ನೆಲ್ಲ ನಿರೂಪಣೆಯಲ್ಲಿ ವಿವರಿಸುತ್ತ ಕೂರಲಾಗುತ್ತದೆಯೇ? ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ನೆನಪಾಯಿತು: ದಾವೀದನ ಕವಣೆಗೆ ಬಿದ್ದ ದೈತ್ಯ ಗೊಲ್ಯಾತನ ಜನಕ್ಕೆ ಕನ್ನಡ ಬೈಬಲ್ಲಿನಲ್ಲಿ 'ಫಿಲಿಷ್ಟಿಯರು' ಎಂಬ ಮಾತು ಸಿದ್ಧವಾಗಿಯೇ ಇದೆ.

ಕಂತು ಶುರುವಾಗುವುದು ಈಜಿಪ್ಟಿನ ಮೆದಿನೆತ್ ಹಬು ದೇವಾಲಯದಲ್ಲಿ. ಅಲ್ಲಿನ ದೊರೆ ಮೂರನೆಯ ರಾಮ್ಸೆಸ್ ತನ್ನ ಆಳ್ವಿಕೆಯ 8ನೇ ವರ್ಷ, ಅಂದರೆ ಕ್ರಿ.ಪೂ. 1175ರ ಆಸುಪಾಸಿನಲ್ಲಿ, ಸಮುದ್ರದ ಕಡೆಯಿಂದ ನುಗ್ಗಿದ ಹಲವು ಗುಂಪುಗಳನ್ನು ಸೋಲಿಸಿದೆನೆಂದು ಅಲ್ಲಿನ ಗೋಡೆಯ ಮೇಲೆ ಕೆತ್ತಿಸಿದ್ದಾನೆ. ಅವುಗಳಲ್ಲಿ ಒಂದು 'ಪೆಲೆಸೆತ್', ಅಂದರೆ ನಮ್ಮ ಫಿಲಿಷ್ಟಿಯರು. ಗರಿ ನೆಟ್ಟಂತೆ ಕಾಣುವ ಶಿರಸ್ತ್ರಾಣದ ಗಂಡಸರು, ಪಕ್ಕದಲ್ಲೇ ಎತ್ತಿನ ಗಾಡಿಗಳಲ್ಲಿ ಹೆಂಗಸರು, ಮಕ್ಕಳು. ಕೊಳ್ಳೆ ಹೊಡೆದು ವಾಪಸ್ ಹೋಗುವ ದಂಡು ಮಕ್ಕಳನ್ನು ಕಟ್ಟಿಕೊಂಡು ಬರುವುದಿಲ್ಲ. ಇವರೇ ಮುಂದೆ ಗಾಜಾ, ಅಷ್ಕೆಲೋನ್, ಅಷ್ಡೋದ್, ಎಕ್ರೋನ್, ಗತ್ ಎಂಬ ಐದು ಪಟ್ಟಣಗಳಲ್ಲಿ ನೆಲೆಯಾದರು.

ನಮಗೆ ದನಿ ಕೊಡುವವರು ಚಿತ್ರದುರ್ಗದ ಕಡೆಯವರು, ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಎಲ್ಲರೂ ಮೇಷ್ಟ್ರು ಅಂತಲೇ ಕರೆಯುತ್ತೇವೆ. ಮಡಕೆಗಳ ಭಾಗ ಬಂದಾಗ ಒಂದು ವಾಕ್ಯ ಓದಿ ಹೆಡ್‌ಫೋನ್ ತೆಗೆದಿಟ್ಟರು.

"ಏನಮ್ಮಾ ಇದು? 'ಸಮುದ್ರದಾಚೆಯಿಂದ ಬಂದ ಈ ಮಡಕೆಗಳೇ ಫಿಲಿಷ್ಟಿಯರ ವಲಸೆಗೆ ಸಾಕ್ಷಿ' ಅಂತ ಬರೆದಿದ್ದೀಯ. ನಮ್ಮ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿದೆ. ಹಾಗಂತ ರೋಮನ್ನರು ಬಂದು ಅಲ್ಲಿ ಮನೆ ಕಟ್ಟಿದ್ರಾ?"

"ಮೂಲದಲ್ಲಿ ಹಾಗೇ ಇದೆ ಮೇಷ್ಟ್ರೇ," ಅಂದೆ. ಇರಲಿಲ್ಲ. ತೆಗೆದು ನೋಡಿದರೆ ಅಲ್ಲಿ ಎರಡು ಮಾತಿತ್ತು: ಮಡಕೆಯ ಆಕಾರ, ಚಿತ್ತಾರ ಗ್ರೀಸಿನ ಕಡೆಯ ಏಜಿಯನ್ ಸಮುದ್ರದ ಸುತ್ತಲಿನ ಮೈಸಿನಿಯನ್ ಜನರದು, ಮಣ್ಣು ಮಾತ್ರ ಆ ಐದು ಪಟ್ಟಣಗಳಿದ್ದ ಸೀಮೆಯಾದ ಕಾನಾನಿನದೇ. ಆರು ಸೆಕೆಂಡು ಮಿಗುತ್ತದೆಂದು ಎರಡನೆಯದನ್ನು ತೆಗೆದು ಹಾಕಿದ್ದೆ. ಇಡೀ ವಾದ ನಿಂತಿದ್ದು ಆ ಮಣ್ಣಿನ ಮೇಲೆ. ಮಡಕೆಯನ್ನು ಯಾವ ವ್ಯಾಪಾರಿಯಾದರೂ ಹಡಗಿನಲ್ಲಿ ತಂದಾನು. ಊರ ಮಣ್ಣನ್ನೇ ಕಲಸಿ, ತನ್ನ ಸೀಮೆಯ ರೀತಿಯಲ್ಲಿ ತಿಗರಿ ತಿರುಗಿಸಬೇಕಾದರೆ ಕುಂಬಾರನೇ ಬರಬೇಕು. ಮುಂದಿನ ತಲೆಮಾರುಗಳಲ್ಲಿ ಅದೇ ಮಡಕೆಗಳ ಮೇಲೆ ಕಪ್ಪು, ಕೆಂಪು ಎರಡೂ ಬಣ್ಣ ಬಂದವು. ಕತ್ತು ತಿರುಗಿಸಿ ಹಿಂದಕ್ಕೆ ನೋಡುವ ಹಕ್ಕಿಯ ಚಿತ್ರವೂ ಬಂತು.

ಅಂದು ಧ್ವನಿಮುದ್ರಣ ನಿಲ್ಲಿಸಿ ಇಡೀ ಪ್ರತಿಯನ್ನು ಮೂಲದ ಪಕ್ಕ ಇಟ್ಟು ಓದಿದೆ. ಇನ್ನೊಂದು ಎಡವಟ್ಟು ಸಿಕ್ಕಿತು, ಇದು ಮೊದಲನೆಯದಕ್ಕಿಂತ ಕೆಟ್ಟದ್ದು. ಅಷ್ಕೆಲೋನಿನಲ್ಲಿ ಸಿಕ್ಕ ಅಸ್ಥಿಗಳ ಡಿಎನ್‌ಎ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅದರ ಬಗ್ಗೆ 'ಫಿಲಿಷ್ಟಿಯರು ಯುರೋಪಿನವರೆಂದು ಸಾಬೀತಾಯಿತು' ಎಂದು ಬರೆದು ಕೈ ತೊಳೆದುಕೊಂಡಿದ್ದೆ. ಡಿಎನ್‌ಎ ಸಿಕ್ಕಿದ್ದೇ 10 ಜನರದು. ಅವರಲ್ಲಿ ಮನೆಯ ನೆಲದಡಿ ಹೂತಿದ್ದ ಹಸುಗೂಸುಗಳು ವಲಸೆಯ ಆರಂಭದ ಕಾಲದವು. ಅವುಗಳ ವಂಶದಲ್ಲಿ ಒಂದು ಪಾಲು ಮಾತ್ರ ದಕ್ಷಿಣ ಯುರೋಪಿನ ಕಡೆಯದು, ಮಿಕ್ಕದ್ದು ಸ್ಥಳೀಯ. ಒಂದೆರಡು ಶತಮಾನ ಕಳೆದ ಮೇಲಿನ ಗೋರಿಗಳಲ್ಲಿ ಆ ಪಾಲೂ ಪತ್ತೆಯಾಗದಷ್ಟು ತೆಳುವಾಗಿತ್ತು. ಬಂದವರು ಅಲ್ಲಿಯವರೊಡನೆ ಬೆರೆತು ಅಲ್ಲಿಯವರೇ ಆಗಿದ್ದರು. ಇಂಥ ಕಥೆಗೆ 'ಸಾಬೀತು' ಎಂಬ ಬೀಗ ಜಡಿದಿದ್ದೆ.

ಬೆರೆತ ಮೇಲೂ ಹೆಸರು ಉಳಿದಿತ್ತೆನ್ನುವುದಕ್ಕೆ ಎಕ್ರೋನಿನ ಕಲ್ಲಿದೆ. 1996ರಲ್ಲಿ ಸಿಕ್ಕಿದ್ದು, ಕ್ರಿ.ಪೂ. 7ನೇ ಶತಮಾನದ್ದು. ಎಕ್ರೋನಿನ ದೊರೆ, ಪಾದಿಯ ಮಗ ಆಕೀಷ ದೇವಿಯೊಬ್ಬಳಿಗೆ ಗುಡಿ ಕಟ್ಟಿಸಿದ ಶಾಸನ. ಲಿಪಿ, ಭಾಷೆ ಸುತ್ತಲಿನ ಸೆಮಿಟಿಕ್ ಜನರದೇ, ಹೀಬ್ರೂವಿನ ಬಳಗದ್ದು. ಅಪ್ಪನ ಹೆಸರೂ ಅಂಥದ್ದೇ. ಮಗನ ಹೆಸರಿನಲ್ಲಿ ಮಾತ್ರ ಏಜಿಯನ್ ಛಾಯೆ ಇದೆ ಎನ್ನುವ ವಿದ್ವಾಂಸರಿದ್ದಾರೆ. ಆ ಕಾಲದ ಎಕ್ರೋನ್ ನೂರಕ್ಕೂ ಹೆಚ್ಚು ಆಲಿವ್ ಗಾಣಗಳ ಎಣ್ಣೆ ಪಟ್ಟಣ. ಕ್ರಿ.ಪೂ. 604ರಲ್ಲಿ ಬಾಬಿಲೋನಿನ ದೊರೆ ನೆಬೂಕದ್ನೆಚ್ಚರ ಅಷ್ಕೆಲೋನನ್ನು ಸುಟ್ಟ. ಎಕ್ರೋನಿಗೂ ಹೆಚ್ಚುಕಡಿಮೆ ಆ ಹೊತ್ತಿಗೇ ಅದೇ ಗತಿಯಾಯಿತು.

ಮರುದಿನ ತಿದ್ದಿದ ವಾಕ್ಯ ಒಯ್ದೆ: 'ಕುಸುರಿ ಏಜಿಯನ್, ಮಣ್ಣು ಇಲ್ಲಿಯದೇ, ಬಂದದ್ದು ಮಡಕೆಯಲ್ಲ, ಕುಂಬಾರ.' ಮೇಷ್ಟ್ರು ಒಂದೇ ಟೇಕಿನಲ್ಲಿ ಮುಗಿಸಿದರು. ಸ್ಟುಡಿಯೋದ ಹೆಚ್ಚುವರಿ ಅರ್ಧ ಗಂಟೆಯ ಬಾಡಿಗೆ ನನ್ನ ಸಂಭಾವನೆಯಿಂದ ಹೋಯಿತು, ಅದು ನ್ಯಾಯವೇ. ಈಗ ನನ್ನ ಪ್ರತಿಯ ಅಂಚಿನಲ್ಲಿ ಇನ್ನೊಂದು ಕಾಲಂ ಇದೆ: ಯಾವ ಮಾತು ತೆಗೆದೆ, ಅದರ ಮೇಲೆ ಏನು ನಿಂತಿತ್ತು.

ಆ ಕಂತಿನಲ್ಲಿ ಒಂದಕ್ಕೆ ಮಾತ್ರ ಕೊನೆಗೂ ಜಾಗ ಮಾಡಲಾಗಲಿಲ್ಲ. ಅಷ್ಕೆಲೋನಿನಲ್ಲಿ ಮಗ್ಗದ ಹಾಸು ಜಗ್ಗಿ ನಿಲ್ಲಿಸಲು ಕಟ್ಟುತ್ತಿದ್ದ ಮಣ್ಣಿನ ಗುಂಡುಗಳು ಸಾಲಾಗಿ ಬಿದ್ದಿದ್ದವು. ಸ್ಥಳೀಯ ಗುಂಡುಗಳಿಗೆ ತೂತು ಇರುತ್ತಿತ್ತು. ಇವು ತೂತಿಲ್ಲದ, ನಡು ಸಣ್ಣಗಿನ ಗುಂಡುಗಳು, ಏಜಿಯನ್ ಕಡೆಯ ಬಗೆಯವು. ನೇಯುವವರೂ ಬಂದಿದ್ದರು. ಪರದೆಯ ಮೇಲೆ ಅವು ಮೂರು ಸೆಕೆಂಡು ಕಾಣುತ್ತವೆ. ಆಗ ಮೇಷ್ಟ್ರ ದನಿ ಫಿಲಿಷ್ಟಿಯರ ಹಂದಿಮಾಂಸದ ಊಟದ ವಿಷಯ ಹೇಳುತ್ತಿರುತ್ತದೆ.