ನಾರಾಯಣಗಾಂವದ ವೈನ್ ಮನೆತನ ಯಾಕೆ ಉಳಿಯಲಿಲ್ಲ?

ಪುಣೆಯಲ್ಲಿ ನೆಲೆಸಿ, ಊರು ಯಾವುದೆಂದು ಕೇಳಿದವರಿಗೆ ವಿಜಯಪುರದ ದ್ರಾಕ್ಷಿ ಸೀಮೆ ಎಂದು ಹೇಳುವ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ: ಹೊರದೇಶಗಳಲ್ಲೂ ಹೆಸರು ಮಾಡಿದ್ದ ನಾರಾಯಣಗಾಂವದ ಇಂಡೇಜ್ ವೈನ್ ಕಂಪನಿ ಮುಳುಗಿದ್ದು ಹೇಗೆ? ಇಲ್ಲಿನ ಕನ್ನಡ ಗೆಳೆಯರು ಕುತೂಹಲಕ್ಕೆ ಕೇಳುತ್ತಾರೆ. ತಿಕೋಟಾ ಕಡೆಯ ನೆಂಟರು ತಮ್ಮ ಹೊಲದಲ್ಲಿ ವೈನ್ ದ್ರಾಕ್ಷಿ ಹಚ್ಚಬೇಕೋ ಬೇಡವೋ ಎಂಬ ಲೆಕ್ಕಾಚಾರದಲ್ಲಿ ಕೇಳುತ್ತಾರೆ. ವೈನೇ ಚೆನ್ನಾಗಿರಲಿಲ್ಲವಂತೆ ಎಂಬ ಉತ್ತರ ಬಹಳ ಜನರ ಬಾಯಲ್ಲಿ ಸಿದ್ಧವಾಗಿದೆ; ಅದನ್ನು ನಾನು ಒಪ್ಪುವುದಿಲ್ಲ.

1980ರ ದಶಕದಲ್ಲಿ ಉದ್ಯಮಿ ಶ್ಯಾಮರಾವ್ ಚೌಗುಲೆಯವರು ಪುಣೆ–ನಾಸಿಕ್ ರಸ್ತೆಯ ನಾರಾಯಣಗಾಂವದಲ್ಲಿ, ಫ್ರಾನ್ಸಿನ ಪೈಪರ್-ಹೈಡ್‌ಸೀಕ್ ಸಂಸ್ಥೆಯ ತಾಂತ್ರಿಕ ನೆರವು ಪಡೆದು, ನೊರೆಯುಕ್ಕುವ ವೈನ್ ತಯಾರಿಸಲು ಹೊರಟಾಗ ಈ ದೇಶದಲ್ಲಿ ಅಂಥದ್ದಕ್ಕೆ ಹೇಳಿಕೊಳ್ಳುವಂಥ ಮಾರುಕಟ್ಟೆಯೇ ಇರಲಿಲ್ಲ. ಹೊರದೇಶಕ್ಕೆ ಹೋದ ಬಾಟಲಿಗೆ ಒಮರ್ ಖಯ್ಯಾಮ್ ಎಂದೂ ಇಲ್ಲಿ ಮಾರಿದ್ದಕ್ಕೆ ಮಾರ್ಕ್ವಿಸ್ ದ ಪಾಂಪಡೂರ್ ಎಂದೂ ಹೆಸರಿಟ್ಟರು. ಟೊಮೆಟೊ ಮಾರುಕಟ್ಟೆಗೂ ತಮಾಶಾ ಮೇಳಗಳಿಗೂ ಹೆಸರಾದ ಊರಿನ ಸರಕಿಗೆ ಫ್ರೆಂಚ್ ದೊರೆಯ ಪ್ರೇಯಸಿಯ ಹೆಸರು ಯಾಕೆ ಬೇಕಿತ್ತೋ, ನನಗಂತೂ ಇವತ್ತಿಗೂ ನಗು ಬರುತ್ತದೆ. ಆದರೂ ಆ ಹೆಸರು ನಡೆಯಿತು. ಮುಂದೆ ರಿವಿಯೆರಾ, ಶಾಂಟಿಲಿ ಮುಂತಾದ ಸಾದಾ ವೈನ್‌ಗಳೂ ಬಂದವು.

ಈ ಬಗೆಯ ವೈನ್ ತಯಾರಿಕೆಯ ಕ್ರಮ ಗೊತ್ತಿದ್ದರೆ ಮುಂದಿನ ಕಥೆ ಅರ್ಧ ತಿಳಿದಂತೆಯೇ. ಮೊದಲು ಸಿದ್ಧವಾದ ವೈನನ್ನು ಸ್ವಲ್ಪ ಸಕ್ಕರೆ ಮತ್ತು ಯೀಸ್ಟ್ ಜೊತೆಗೆ ಬಾಟಲಿಗೆ ತುಂಬಿ ಮುಚ್ಚುತ್ತಾರೆ. ಒಳಗೇ ಎರಡನೆಯ ಬಾರಿ ಹುದುಗುವಾಗ ಹುಟ್ಟಿದ ಅನಿಲ ಹೊರಹೋಗಲಾರದೆ ವೈನಿನಲ್ಲೇ ಕರಗುತ್ತದೆ. ತಿಂಗಳುಗಟ್ಟಲೆ ಹಾಗೆಯೇ ಇಟ್ಟ ಬಾಟಲಿಗಳನ್ನು ಅಡಿಮೇಲಾಗಿ ವಾಲಿಸಿ, ದಿನವೂ ಇಷ್ಟಿಷ್ಟೇ ತಿರುಗಿಸುತ್ತ, ಗಸಿ ಪೂರ್ತಿ ಬಾಟಲಿಯ ಕತ್ತಿಗೆ ಇಳಿದ ಮೇಲೆ ಆ ಭಾಗವನ್ನಷ್ಟೇ ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದರೆ, ಒಳಗಿನ ಒತ್ತಡವೇ ಗಸಿಯ ಗಟ್ಟಿಯನ್ನು ಹೊರಕ್ಕೆ ಚಿಮ್ಮಿಸುತ್ತದೆ. ಅಷ್ಟೂ ಕಾಲ ದ್ರಾಕ್ಷಿಯ ಹಣ, ಬಾಟಲಿಯ ಹಣ, ಕೂಲಿ ಎಲ್ಲವೂ ನೆಲಮಾಳಿಗೆಯಲ್ಲಿ ಕುಳಿತಿರುತ್ತವೆ, ಸಾಲದ ಬಡ್ಡಿ ಮಾತ್ರ ಕೂರುವುದಿಲ್ಲ.

2001ರಲ್ಲಿ ಮಹಾರಾಷ್ಟ್ರ ಸರ್ಕಾರ ರಾಜ್ಯದಲ್ಲೇ ತಯಾರಾದ ವೈನಿಗೆ ಅಬಕಾರಿ ಸುಂಕದ ರಿಯಾಯಿತಿ ಕೊಟ್ಟ ಮೇಲೆ ನಾಸಿಕ್ ಸುತ್ತಮುತ್ತ ಹೊಸ ಕಂಪನಿಗಳು ಎದ್ದವು. ಪೈಪೋಟಿ ಹೆಚ್ಚಿತು. ಮಗ ರಣಜಿತ್ ಚೌಗುಲೆಯವರ ಕಾಲದಲ್ಲಿ ಕಂಪನಿ ಆಸ್ಟ್ರೇಲಿಯಾದಲ್ಲೂ ಬ್ರಿಟನ್ನಿನಲ್ಲೂ ವೈನ್ ವ್ಯವಹಾರಗಳನ್ನು ಕೊಂಡಿತು, ಸಾಲ ಬೆಳೆಯಿತು. ಅಷ್ಟರಲ್ಲಿ 2008ರ ಆರ್ಥಿಕ ಕುಸಿತ, ಅದೇ ನವೆಂಬರಿನಲ್ಲಿ ಮುಂಬಯಿಯ ಹೋಟೆಲುಗಳ ಮೇಲಿನ ದಾಳಿ. ವೈನ್ ಹೆಚ್ಚಾಗಿ ಖರ್ಚಾಗುತ್ತಿದ್ದ ಜಾಗಗಳೇ ಖಾಲಿಯಾದವು. ಕೊನೆಗೆ ಬಾಂಬೆ ಹೈಕೋರ್ಟ್ ಆದೇಶದಂತೆ ಕಂಪನಿಯನ್ನು ಮುಚ್ಚುವ ಪ್ರಕ್ರಿಯೆ ಶುರುವಾಯಿತು. ಬೇಡಿಕೆ ಕುಸಿದದ್ದಕ್ಕಿಂತ, ನಿಧಾನವಾಗಿ ಹಣ ಮರಳಿಸುವ ಉದ್ಯಮವನ್ನು ಅವಸರದ ಸಾಲದಲ್ಲಿ ಬೆಳೆಸಿದ್ದೇ ದೊಡ್ಡ ಕಾರಣ ಎಂಬುದು ನನ್ನ ಅಭಿಪ್ರಾಯ.

ನಮ್ಮ ಬೆಳೆಗಾರರು ಗಮನಿಸಬೇಕಾದ ಸಂಗತಿ ಇದರ ಬೆನ್ನಿಗೇ ಇದೆ. ತಿನ್ನಲು ಬೆಳೆಯುವ, ಬೀಜವಿಲ್ಲದ ಥಾಮ್ಸನ್ ದ್ರಾಕ್ಷಿಯ ದರ ಬಿದ್ದರೆ ಒಣದ್ರಾಕ್ಷಿ ಮಾಡಬಹುದು, ಕೋಲ್ಡ್ ಸ್ಟೋರೇಜಿನಲ್ಲಿಟ್ಟು ತಾಸಗಾಂವ ಅಥವಾ ಸಾಂಗಲಿಯ ಹರಾಜಿಗೆ ಕಾಯಬಹುದು. ವೈನಿಗೆಂದೇ ಬೆಳೆಯುವ ಶಿರಾಜ್ ತಳಿಯ ಗೊನೆ ಹಾಗಲ್ಲ: ಕಾಳು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಬುಟ್ಟಿಯಲ್ಲಿಟ್ಟು ಮಾರಲು ಕುಳಿತರೆ ಒಂದು ಕಾಳು ಬಾಯಿಗೆ ಹಾಕಿಕೊಂಡ ಗಿರಾಕಿ ಎರಡನೆಯದನ್ನು ಮುಟ್ಟುವುದಿಲ್ಲ. ವೈನರಿ ಗೇಟು ಮುಚ್ಚಿದ ವರ್ಷ ಅದಕ್ಕೆ ಬೇರೆ ದಾರಿಯೇ ಇಲ್ಲ.

ಹಾಗಾದರೆ ಮನೆತನದ ವೈನ್ ಕಂಪನಿ ಉಳಿಯುವುದೇ ಇಲ್ಲವೇ ಎಂದರೆ, ನಂದಿಬೆಟ್ಟದ ತಪ್ಪಲಿನ ಗ್ರೋವರ್ ಕುಟುಂಬದ ಉದಾಹರಣೆ ಕೊಡುತ್ತೇನೆ. 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಆರಂಭವಾದ ಆ ಕಂಪನಿ 2012ರಲ್ಲಿ ನಾಸಿಕ್‌ನ ಇನ್ನೊಂದು ವೈನ್ ಕಂಪನಿಯೊಂದಿಗೆ ವಿಲೀನವಾಗಿ ಗ್ರೋವರ್ ಜಂಪಾ ಆಯಿತು. ಬಾಟಲಿಯ ಮೇಲಿನ ಹೆಸರನ್ನು ಇನ್ನೊಬ್ಬರೊಂದಿಗೆ ಹಂಚಿಕೊಂಡು ಉಳಿಯಿತು. ತಿಕೋಟಾದ ನೆಂಟರಿಗೆ ನಾನು ಹೇಳುವುದು ಇಷ್ಟು: ಕಂಪನಿಯ ಬ್ರ್ಯಾಂಡ್ ನೋಡಿ ಸಹಿ ಹಾಕಬೇಡಿ, ಹಣ ಸಂದಾಯವಾಗುವ ದಿನವನ್ನು ಕರಾರಿನಲ್ಲಿ ಬರೆಸಿಕೊಳ್ಳಿ, ಮತ್ತು ಇರುವ ಥಾಮ್ಸನ್ ಪಡವನ್ನು ಪೂರ್ತಿ ಕಿತ್ತುಹಾಕಬೇಡಿ.