ಸಾಲಿನಲ್ಲಿ ನಿಂತಿದ್ದ ತಾಯಿ

2023ರ ಆಗಸ್ಟ್ 20, ಭಾನುವಾರ. ಬೆಂಗಳೂರಿನ ನಮ್ಮ ಚರ್ಚಿನಲ್ಲಿ ಬೆಳಗಿನ ಕನ್ನಡ ಪೂಜೆಗೆ ಮೊದಲ ವಾಚನ ಓದುವ ಸರದಿ ನನ್ನದಾಗಿತ್ತು. ಯೆಶಾಯನ ಗ್ರಂಥದ 56ನೇ ಅಧ್ಯಾಯ. ಪರದೇಶದವರನ್ನೂ ನನ್ನ ಬೆಟ್ಟಕ್ಕೆ ಕರೆತರುತ್ತೇನೆ, ನನ್ನ ಮನೆ ಎಲ್ಲ ಜನರಿಗೂ ಪ್ರಾರ್ಥನೆಯ ಮನೆ ಅಂತ ದೇವರು ಹೇಳುವ ಭಾಗ. ಹಿಂದಿನ ರಾತ್ರಿ ಎರಡು ಸಲ ಜೋರಾಗಿ ಓದಿಕೊಂಡಿದ್ದೆ. ಎಲ್ಲೂ ತಡವರಿಸಲಿಲ್ಲ.

ಆಮೇಲೆ ಫಾದರ್ ಶುಭಸಂದೇಶ ಓದಿದರು. ಮತ್ತಾಯ 15. ಯೇಸು ತೂರ್, ಸೀದೋನ್ ಕಡೆಗೆ ಹೋಗಿರುತ್ತಾರೆ. ಈಗಿನ ಲೆಬನಾನಿನ ಕಡಲ ತೀರದ ಊರುಗಳವು. ಅಲ್ಲಿ ಕಾನಾನ್ಯದ ಒಬ್ಬ ಹೆಂಗಸು, ಯೇಸುವಿನ ಹಾಗೆ ಯೆಹೂದ್ಯಳಲ್ಲದ ಹೊರಗಿನವಳು, ಮಗಳಿಗೆ ದೆವ್ವ ಹಿಡಿದಿದೆ, ಕರುಣಿಸು ಸ್ವಾಮಿ ಅಂತ ಕೂಗಿಕೊಂಡು ಹಿಂದೆ ಬರುತ್ತಾಳೆ. ಯೇಸು ಮಾತೇ ಆಡುವುದಿಲ್ಲ. ಇವಳನ್ನು ಕಳಿಸಿಬಿಡಿ, ಕೂಗ್ತಾ ಹಿಂದೇನೇ ಬರ್ತಿದ್ದಾಳೆ ಅನ್ನುತ್ತಾರೆ ಶಿಷ್ಯರು.

ಮುಂದಿನ ಮಾತು ಬಂದಾಗಲೆಲ್ಲ ನನಗೆ ಕಸಿವಿಸಿ. ಮಕ್ಕಳ ರೊಟ್ಟಿ ತೆಗೆದು ನಾಯಿಮರಿಗಳಿಗೆ ಹಾಕುವುದು ಸರಿಯಲ್ಲ. ಯೇಸುವಿನ ಬಾಯಲ್ಲಿ ಈ ಮಾತಾ? ಗ್ರೀಕ್ ಮೂಲದಲ್ಲಿರುವುದು ಬೀದಿನಾಯಿಯಲ್ಲ, ಮನೆಯ ಮರಿ ಅಂತ ವಿವರಿಸುವವರಿದ್ದಾರೆ. ಮರಿಯಾದರೇನು, ಕೇಳಿಸಿಕೊಂಡವಳು ಕಾಯಿಲೆ ಮಗುವಿನ ತಾಯಿ ಅಲ್ವಾ? ಆದರೆ ಅವಳು ಜಾಗ ಬಿಟ್ಟು ಕದಲುವುದಿಲ್ಲ. ಹೌದು ಸ್ವಾಮಿ, ಮೇಜಿನಿಂದ ಬಿದ್ದ ಚೂರನ್ನು ಮರಿಗಳೂ ತಿನ್ನುತ್ತವಲ್ಲ ಅನ್ನುತ್ತಾಳೆ. ನಿನ್ನ ವಿಶ್ವಾಸ ದೊಡ್ಡದಮ್ಮ ಅನ್ನುತ್ತಾರೆ ಯೇಸು. ಹಿಂದಿನ ಅಧ್ಯಾಯದಲ್ಲೇ, ಜೊತೆಯಲ್ಲೇ ಉಂಡು ಓಡಾಡಿದ ಪೇತ್ರ ನೀರಿನಲ್ಲಿ ಮುಳುಗುವಾಗ ಅಲ್ಪವಿಶ್ವಾಸಿ ಅನ್ನಿಸಿಕೊಂಡಿದ್ದ.

ಪರಮ ಪ್ರಸಾದದ ಹೊತ್ತಾಯಿತು, ಯೇಸುವಿನ ದೇಹವೆಂದು ನಂಬಿ ನಾವು ಸಾಲಾಗಿ ಹೋಗಿ ರೊಟ್ಟಿ ಸ್ವೀಕರಿಸುವ ಹೊತ್ತು. ಅದಕ್ಕೆ ಮೊದಲು ನಾವೆಲ್ಲ ಒಟ್ಟಿಗೆ ಹೇಳುವ ಒಂದು ಪ್ರಾರ್ಥನೆಯಿದೆ. ನೀವು ನನ್ನಲ್ಲಿಗೆ ಬರಲು ನಾನು ಯೋಗ್ಯಳಲ್ಲ, ಒಂದು ಮಾತು ಹೇಳಿದರೆ ಸಾಕು ಅನ್ನುವ ಅರ್ಥದ್ದು. ಅದೂ ಹೊರಗಿನವನ ಮಾತೇ. ಆಳಿಗೆ ಹುಷಾರಿಲ್ಲ ಅಂತ ಕಪೆರ್ನೌಮಿನಲ್ಲಿ ಯೇಸುವಿನ ಹತ್ತಿರ ಬಂದ ರೋಮನ್ ಶತಾಧಿಪತಿ ಹೇಳಿದ್ದು.

ನಾನೂ ಹೇಳಿದೆ. ಹೇಳಿ, ಸಾಲು ನೋಡಿಕೊಳ್ಳಲು ಹೋಗಿ ನಿಂತೆ.

ಮಧ್ಯದಲ್ಲಿ ಗುರುತಿಲ್ಲದ ಒಬ್ಬ ಹೆಂಗಸು ಬರುತ್ತಿದ್ದಳು. ಹಣೆಯಲ್ಲಿ ಕುಂಕುಮ. ಹೆಗಲ ಮೇಲೆ ಆರೇಳು ವರ್ಷದ ಹುಡುಗಿ. ಅಷ್ಟು ದೊಡ್ಡ ಮಗುವನ್ನು ಯಾಕೆ ಎತ್ತಿಕೊಂಡಿದ್ದಾಳೆ ಅಂತ ನಾನು ಯೋಚಿಸಲಿಲ್ಲ. ಕೈ ಅಡ್ಡ ಹಿಡಿದೆ. "ಇದು ನಿಮಗಲ್ಲಮ್ಮ. ನಮ್ಮವರಿಗೆ ಮಾತ್ರ. ಪಕ್ಕಕ್ಕೆ ಬನ್ನಿ."

ದೀಕ್ಷಾಸ್ನಾನ ಆದವರಿಗೆ, ಅಂದರೆ ನೀರಿನ ಸಂಸ್ಕಾರದಿಂದ ಕ್ರೈಸ್ತರಾದವರಿಗೆ, ಮಾತ್ರ ಪ್ರಸಾದ. ಆ ನಿಯಮ ನಾನು ಮಾಡಿದ್ದಲ್ಲ, ಅದರ ಬಗ್ಗೆ ನನ್ನ ತಕರಾರೂ ಇಲ್ಲ. ಆದರೆ 'ನಮ್ಮವರಿಗೆ' ಅನ್ನುವಾಗ ನನ್ನ ದನಿ ಗಟ್ಟಿಯಾಗಿತ್ತು. ಮುಂದಿದ್ದವರು ತಿರುಗಿ ನೋಡಿದರು.

ಆಕೆ ಕದಲಲಿಲ್ಲ. ಮೆಲ್ಲಗೆ ಹೇಳಿದಳು. "ನನಗೇನೂ ಬೇಡ ಅಕ್ಕಾ. ಇವಳ ತಲೆ ಮೇಲೆ ಅವರು ಒಂದು ಸಲ ಕೈ ಇಟ್ಟರೆ ಸಾಕು."

ಸಾಕು. ಐದು ನಿಮಿಷದ ಹಿಂದೆ ನಾನೇ ಹೇಳಿದ್ದ ಮಾತು. ನನ್ನ ಕೈ ತಾನಾಗಿ ಕೆಳಗಿಳಿಯಿತು.

ಫಾದರ್ ಬಟ್ಟಲನ್ನು ಎಡಗೈಗೆ ಬದಲಾಯಿಸಿ ಮಗುವಿನ ತಲೆ ಮೇಲೆ ಬಲಗೈ ಇಟ್ಟರು. ಎಣ್ಣೆ ಹಚ್ಚಿ ಬಿಗಿಯಾಗಿ ಹಾಕಿದ ಎರಡು ಜಡೆ. ಬಲಗಡೆ ಹುಬ್ಬಿನ ಮೇಲೆ ಹೊಲಿಗೆ ಹಾಕಿದ ಗಾಯ, ಇನ್ನೂ ಪೂರ್ತಿ ಒಣಗಿರಲಿಲ್ಲ. ಮಗು ಕಣ್ಣು ಬಿಟ್ಟು ಫಾದರ್ ಮುಖವನ್ನೇ ನೋಡುತ್ತಿತ್ತು. ಅವರು ಏನು ಪ್ರಾರ್ಥಿಸಿದರೋ ನನಗೆ ಕೇಳಿಸಲಿಲ್ಲ. ಯಾವಾಗಲೂ ಆಶೀರ್ವಾದ ಕೊಡುವುದಕ್ಕಿಂತ ಜಾಸ್ತಿ ಹೊತ್ತು ಕೈ ಅಲ್ಲೇ ಇತ್ತು.

ಪೂಜೆ ಮುಗಿದ ಮೇಲೆ ಹುಡುಕಿಕೊಂಡು ಹೋದೆ. ಮಾತೆ ಮರಿಯಳ ಗವಿಯ ಮುಂದೆ ಮೇಣದಬತ್ತಿ ಹಚ್ಚಿ ಮೆಟ್ಟಿಲ ಮೇಲೆ ಕೂತಿದ್ದಳು. ಮಗುವಿಗೆ ಫಿಟ್ಸ್ ಬರುತ್ತದಂತೆ. ನಿಂತಲ್ಲೇ ಬಿದ್ದು ಹುಬ್ಬು ಒಡೆದುಕೊಂಡಿತ್ತು, ಅದಕ್ಕೇ ಹೊರಗೆ ಬಂದರೆ ಎತ್ತಿಕೊಂಡೇ ಇರುತ್ತಾಳೆ. ಆಕೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವಳು, ರಜೆ ಭಾನುವಾರ ಮಾತ್ರ. ಆಸ್ಪತ್ರೆಯ ಮಾತ್ರೆ ಬಿಡದೆ ಕೊಡುತ್ತಿದ್ದಾಳೆ. ಜೊತೆಗೆ ಇದೂ ಇರಲಿ ಅಂತ ಬಂದೆ ಅಕ್ಕಾ ಅಂದಳು.

"ಆಗ ಹಂಗೆ ಮಾತಾಡಬಾರದಿತ್ತು, ತಪ್ಪಾಯ್ತಮ್ಮ" ಅಂದೆ.

"ಬಿಡಿ ಅಕ್ಕಾ, ನನಗೆ ಗೊತ್ತಾಗಲಿಲ್ಲ" ಅಂದಳು, ತಪ್ಪು ತನ್ನದೇ ಅನ್ನುವ ಹಾಗೆ.

ಮಗುವಿನ ಹೆಸರು ಕೇಳಿದೆ. ಮಗುವೇ ಹೇಳಿತು, ಎರಡು ಸಲ, ನನಗೆ ಸರಿಯಾಗಿ ಕೇಳಿಸಲಿ ಅಂತ. ಅಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತೆಂದು ಆಕೆ ಎದ್ದಳು. ಮಗುವನ್ನು ಹೆಗಲಿಗೆ ಹಾಕಿಕೊಂಡು ಗೇಟು ದಾಟಿ ಹೋದಳು.

ರಾತ್ರಿ ಮತ್ತಾಯನ ಆ ಪುಟ ಮತ್ತೆ ತೆಗೆದೆ. ಕಾನಾನ್ಯದ ಆ ತಾಯಿಯ ಹೆಸರು ಎಲ್ಲೂ ಇಲ್ಲ. ನಾನೂ ಮಗುವಿನ ಹೆಸರಷ್ಟೇ ಕೇಳಿದ್ದೆ.